ಸಿಟಿ ಸ್ಕ್ಯಾನ್ ಫೋಟೋ ಅಲ್ಲ, ಲೆಕ್ಕ

ಮಂಗಳೂರಿನ ಕಂಕನಾಡಿಯ ಒಂದು ಸ್ಕ್ಯಾನಿಂಗ್ ಸೆಂಟರಿನಿಂದ ಹೊರಗೆ ಬಂದ ದೊಡ್ಡಪ್ಪ ಫಿಲ್ಮನ್ನು ಬೆಳಕಿಗೆ ಹಿಡಿದು, "ಹೊಟ್ಟೆಯ ಒಳಗಿನ ಫೋಟೋ ಎಷ್ಟು ಚೆಂದ ತೆಗ್ದಿದ್ದಾರೆ ಮಾರಾಯ" ಎಂದರು. ನನಗೆ ಸುಮ್ನೆ ಇರಲು ಆಗಲಿಲ್ಲ. ಸಿಟಿ ಸ್ಕ್ಯಾನ್ ಫೋಟೋ ಅಲ್ಲವೇ ಅಲ್ಲ. ಅದು ಪೂರ್ತಿ ಲೆಕ್ಕ.

ಎಕ್ಸ್‌ರೇ ಮೈಯ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬರುವಾಗ ದಾರಿಯಲ್ಲಿ ಒಟ್ಟು ಎಷ್ಟು ಕಡಿಮೆಯಾಯಿತು ಎನ್ನುವುದಷ್ಟೇ ಯಂತ್ರಕ್ಕೆ ಗೊತ್ತಾಗುತ್ತದೆ. ಎಲ್ಲಿ ಎಷ್ಟು ಕಡಿಮೆಯಾಯಿತು ಅಂತ ಗೊತ್ತಾಗುವುದಿಲ್ಲ. ಬಂದರಿನ ದಕ್ಕೆಯಲ್ಲಿ ನಿಂತು ನೋಡಿ, ಬೋಟುಗಳು ಒಂದರ ಹಿಂದೆ ಒಂದು ಅಡಗಿರುತ್ತವೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ನಡೆದರೆ ಹಿಂದಿನದ್ದು ಕಾಣಿಸುತ್ತದೆ. ಯಂತ್ರ ನಮ್ಮ ಸುತ್ತ ತಿರುಗುವುದು ಅದಕ್ಕೇ.

ಇನ್ನೂ ಹತ್ತಿರದಿಂದ ನೋಡೋಣ. ನಾಲ್ಕು ಚೌಕ ಬರೆಯಿರಿ, ಮೇಲೆ ಎರಡು, ಕೆಳಗೆ ಎರಡು. ಒಂದೊಂದು ಚೌಕ ಮೈಯ ಒಂದೊಂದು ಚೂರು, ಅದರ ಅಂಕಿ ಎಂದರೆ ಅಲ್ಲಿ ಎಕ್ಸ್‌ರೇ ಎಷ್ಟು ಕಡಿಮೆಯಾಯಿತು ಎನ್ನುವುದು. ಆ ಅಂಕಿ ಗುಟ್ಟು. ಮೇಲಿನ ಸಾಲಿನ ಮೊತ್ತ 5, ಕೆಳಗಿನದ್ದು 9. ಎಡಗಡೆಯ ಕಂಬಸಾಲು 6, ಬಲಗಡೆಯದ್ದು 8. ಇಷ್ಟರಿಂದ ಉತ್ತರ ಸಿಗುವುದಿಲ್ಲ, ಹಲವು ಉತ್ತರ ಹೊಂದುತ್ತವೆ. ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ ಓರೆಯಾಗಿ ಕೂಡಿದರೆ 7 ಅಂತ ಹೇಳಿ ನೋಡಿ, ಗುಟ್ಟು ಬಿಟ್ಟುಕೊಡುತ್ತದೆ! ಒಂದು ಹೊಸ ಕೋನ ಸಾಕಾಯಿತು. ಸ್ಕ್ಯಾನಿನಲ್ಲಿ ಇಂಥ ಚೌಕಗಳು ಲಕ್ಷಗಟ್ಟಲೆ, ಅದಕ್ಕೆ ಕೋನಗಳೂ ಜಾಸ್ತಿ ಬೇಕು, ಕಂಪ್ಯೂಟರೂ ಬೇಕು. 1971ರಲ್ಲಿ ಈ ಲೆಕ್ಕಕ್ಕೆ ಸುಲಭದ ದಾರಿ ತೋರಿಸಿದವರಲ್ಲಿ ನಮ್ಮ ಬೆಂಗಳೂರಿನ ಐಐಎಸ್‌ಸಿಯ ಜಿ.ಎನ್. ರಾಮಚಂದ್ರನ್ ಒಬ್ಬರು, ಜೊತೆಗೆ ಎ.ವಿ. ಲಕ್ಷ್ಮೀನಾರಾಯಣನ್.

ಅದೇ ವರ್ಷ ಇಂಗ್ಲೆಂಡಿನ ಎಂಜಿನಿಯರ್ ಹೌನ್ಸ್‌ಫೀಲ್ಡ್ ತಾವು ಕಟ್ಟಿದ ಯಂತ್ರದಲ್ಲಿ ಮೊದಲ ರೋಗಿಯ ಸ್ಕ್ಯಾನ್ ಮಾಡಿಸಿದರು. ಆದರೆ ಆ ಯಂತ್ರಕ್ಕೆ ತಲೆ ಮಾತ್ರ ಸಾಧ್ಯವಿತ್ತು. ತಲೆಯ ಸುತ್ತ ನೀರು ಬೇರೆ ಇರಬೇಕಿತ್ತು. ನೀರಿಲ್ಲದೆ ಇಡೀ ಮೈಯನ್ನು ನೋಡುವ ಯಂತ್ರ ಕಟ್ಟಿದವರು ಅಮೆರಿಕದ ರಾಬರ್ಟ್ ಲೆಡ್ಲಿ. ಇವರು ಓದಿದ್ದು ಹಲ್ಲಿನ ಡಾಕ್ಟರಿಕೆ! ಆಮೇಲೆ ಭೌತಶಾಸ್ತ್ರ. 1959ರಲ್ಲೇ ಲೀ ಲಸ್ಟೆಡ್ ಎಂಬ ಡಾಕ್ಟರ ಜೊತೆ ಸೇರಿ, ರೋಗ ಪತ್ತೆ ಹಚ್ಚುವಾಗ ಡಾಕ್ಟರ ತಲೆಯಲ್ಲಿ ನಡೆಯುವ ತರ್ಕವನ್ನೂ ಲೆಕ್ಕದಲ್ಲಿ ಹಿಡಿಯಬಹುದು ಎಂದು ಬರೆದಿದ್ದರು. ಆಗ ಕಂಪ್ಯೂಟರ್ ಎಂದರೆ ಕೋಣೆ ತುಂಬುವ ಯಂತ್ರ. ಹಲ್ಲಿನಿಂದ ಶುರುಮಾಡಿದ ಮನುಷ್ಯ ಅಲ್ಲಿಯವರೆಗೆ ಯೋಚಿಸಿದ್ದು ನನಗೆ ಸ್ಕ್ಯಾನರಿಗಿಂತಲೂ ದೊಡ್ಡದು ಅನ್ನಿಸುತ್ತದೆ. ಅವರ ಸ್ಕ್ಯಾನರ್ 1974ರಲ್ಲಿ ಜಾರ್ಜ್‌ಟೌನ್ ಆಸ್ಪತ್ರೆಯಲ್ಲಿ ಕೆಲಸ ಶುರುಮಾಡಿತು, 1975ರಲ್ಲಿ ಪೇಟೆಂಟ್ ಸಿಕ್ಕಿತು. 1997ರಲ್ಲಿ ಅಮೆರಿಕ ಸರ್ಕಾರ ತಂತ್ರಜ್ಞಾನದ ರಾಷ್ಟ್ರೀಯ ಪದಕ ಕೊಟ್ಟಿತು. ಲೆಡ್ಲಿ 2012ರಲ್ಲಿ ತೀರಿಕೊಂಡರು. ಹಲಸಿನ ಹಣ್ಣನ್ನು ಕೊಯ್ಯದೆ ಒಳಗಿನ ಸೊಳೆ ಎಣಿಸಿದ ಹಾಗೆ ಇಂದು ಊರೂರಲ್ಲಿ ಹೊಟ್ಟೆ ನೋಡುತ್ತಾರೆ, ಅವರ ಹೆಸರು ಮಾತ್ರ ಎಲ್ಲೂ ಕೇಳುವುದಿಲ್ಲ.

"ಆ ಎಕ್ಸ್‌ರೇ ಮೈಯಲ್ಲೇ ಉಳಿಯುತ್ತದಂತೆ, ಅಲ್ವಾ?" ಅಂತ ದೊಡ್ಡಪ್ಪ ರಿಕ್ಷಾದಲ್ಲಿ ಕೇಳಿದರು. ಉಳಿಯುವುದಿಲ್ಲ. ಸ್ವಿಚ್ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಉಳಿಯುತ್ತದೆಯೇ? ಸುಮ್ಮಸುಮ್ಮನೆ ಮತ್ತೆ ಮತ್ತೆ ಮಾಡಿಸಬಾರದು, ಅದು ಬೇರೆ ವಿಷಯ. ಬೇಕಾದಾಗ ಹೆದರಿ ಮನೆಯಲ್ಲಿ ಕೂತರೆ ರೋಗ ಕಾಯುವುದಿಲ್ಲ.

ದೊಡ್ಡಪ್ಪ ಸೊಸೈಟಿಯಲ್ಲಿ ಲೆಕ್ಕ ಬರೆದವರು. ಫಿಲ್ಮಿನ ಕವರಿನ ಹಿಂದೆ ನಾಲ್ಕು ಚೌಕ ಎಳೆದರು. ಪಂಪ್‌ವೆಲ್ ದಾಟುವಷ್ಟರಲ್ಲಿ ಮೊದಲ ಚೌಕದಲ್ಲಿ 2 ಬರೆದಿದ್ದರು.