ಬದನೆ ಗಿಡದ ತುಂಬ ಹೂ, ಕಾಯಿ ಯಾಕೆ ಕಚ್ಚುತ್ತಿಲ್ಲ?

ಪ್ರಶ್ನೆ: ಕುಂಡದಲ್ಲಿ ಬದನೆ ಗಿಡ ಹುಲುಸಾಗಿ ಬೆಳೆದಿದೆ. ದಿನಾ ಹೂ ಬಿಡುತ್ತದೆ. ಆದರೆ ಎರಡು ಮೂರು ದಿನಕ್ಕೆ ಎಲ್ಲ ತೊಟ್ಟಿನ ಸಮೇತ ಉದುರಿಬಿಡುತ್ತವೆ. ಇನ್ನೂ ಗೊಬ್ಬರ ಹಾಕಬೇಕಾ?

ಉತ್ತರ: ಗೊಬ್ಬರ ಸದ್ಯಕ್ಕೆ ಬೇಡ. ಮೊದಲು ಒಂದು ಹೂವನ್ನು ಮೆಲ್ಲಗೆ ಮೇಲಕ್ಕೆತ್ತಿ ಒಳಗೆ ನೋಡಿ. ನೇರಳೆ ಎಸಳುಗಳ ನಡುವೆ ಹಳದಿ ಕೇಸರಗಳು ಒತ್ತೊತ್ತಾಗಿ ಕೊಳವೆಯ ಹಾಗೆ ನಿಂತಿರುತ್ತವೆ. ಆ ಹಳದಿಯ ತುದಿಯಲ್ಲಿ ಹಸಿರು ಚುಕ್ಕೆಯೊಂದು ಇಣುಕುತ್ತಿದೆಯಾ? ಅದೇ ಶಲಾಕೆಯ, ಅಂದರೆ ಹೂವಿನ ನಡುವೆ ಇರುವ ಹೆಣ್ಣು ಕಡ್ಡಿಯ ತುದಿ, ಪರಾಗ ಬಂದು ಅಂಟಬೇಕಾದ ಜಾಗ. ಅದು ಕೇಸರಗಳಿಗಿಂತ ಉದ್ದವಾಗಿದ್ದರೆ ಅಥವಾ ಸಮಸಮ ಇದ್ದರೆ ಆ ಹೂ ಕಾಯಿಯಾಗಬಲ್ಲದು. ಗಿಡ್ಡಗೆ ಒಳಗೇ ಅಡಗಿದ್ದರೆ ಉದುರುವ ಹೂವೇ. ಒಂದೇ ಗಿಡದಲ್ಲಿ ಎರಡು ಬಗೆಯೂ ಇರುತ್ತವೆ. ಗಿಡ ಸೊರಗಿದಾಗ, ಮೈತುಂಬ ಕಾಯಿ ಹೊತ್ತಾಗ ಗಿಡ್ಡ ಶಲಾಕೆಯವು ಜಾಸ್ತಿ. ಹಾಗಾಗಿ ಒಂದಷ್ಟು ಹೂ ಉದುರಿದರೆ ಬೇಜಾರು ಮಾಡಿಕೊಳ್ಳಬೇಡಿ.

ಉದ್ದ ಶಲಾಕೆಯ ಹೂಗಳೂ ಬೀಳುತ್ತಿದ್ದರೆ, ಪರಾಗ ಸಿಗುತ್ತಿಲ್ಲ ಎಂಬ ಅನುಮಾನ ನನಗೆ ಮೊದಲು ಬರುತ್ತದೆ. ಬದನೆ ಹೂವಿನಲ್ಲಿ ಪರಾಗ ಹೊರಗೆ ಹರಡಿಕೊಂಡಿರುವುದಿಲ್ಲ. ಕೇಸರದ ಒಳಗೆ ಪುಡಿ ತುಂಬಿಕೊಂಡಿರುತ್ತದೆ, ತುದಿಯಲ್ಲಿ ಸಣ್ಣ ತೂತು. ಅಲುಗಾಡಿಸಿದರೆ ಮಾತ್ರ ಆಚೆ ಬರುತ್ತದೆ. ದೊಡ್ಡ ಕಪ್ಪು ದುಂಬಿ ಹೂವನ್ನು ಅಪ್ಪಿಕೊಂಡು ಗುಂಯ್ ಎನ್ನುತ್ತದಲ್ಲ, ಆ ನಡುಕಕ್ಕೇ ಪರಾಗ ಉದುರುವುದು. ಜೇನ್ನೊಣಕ್ಕೆ ಹಾಗೆ ನಡುಗಿಸಲು ಬರುವುದಿಲ್ಲ. ಗಾಳಿಯೂ ಸ್ವಲ್ಪ ಕೆಲಸ ಮಾಡುತ್ತದೆ. ಬಾಲ್ಕನಿಯ ಮೂಲೆಯಲ್ಲಿರುವ ಗಿಡಕ್ಕೆ ದುಂಬಿಯೂ ಇಲ್ಲ, ಗಾಳಿಯೂ ಇಲ್ಲ, ಪಾಪ!

ಆ ಕೆಲಸ ನೀವೇ ಮಾಡಿ. ಬೆಳಿಗ್ಗೆ ಹೂ ಚೆನ್ನಾಗಿ ಅರಳಿ, ತೇವ ಆರಿದ ಮೇಲೆ, ತೊಟ್ಟಿನ ಹತ್ತಿರ ಬೆರಳಿನಿಂದ ನಾಲ್ಕೈದು ಸಲ ತಟ್ಟಿ. ಹೂ ಕೆಳಮುಖವಾಗಿರುವುದರಿಂದ ಪುಡಿ ಜಾರಿ ಹಸಿರು ತುದಿಗೆ ತಾಗುತ್ತದೆ. ಎರಡು ಮೂರು ದಿನ ಹೀಗೆ ಮಾಡಿ. ಎಲೆಕ್ಟ್ರಿಕ್ ಟೂತ್‌ಬ್ರಷ್ಷಿನ ಹಿಂಬದಿ ತಾಗಿಸಿದರೆ ಥೇಟ್ ದುಂಬಿಯದೇ ನಡುಕ.

ಸೆಖೆಯನ್ನೂ ಗಮನಿಸಿ. ಬಿಸಿ 35 ಡಿಗ್ರಿ ದಾಟಿದರೆ ಪರಾಗ ಸೊರಗುತ್ತದೆ. ರಾತ್ರಿ 15 ಡಿಗ್ರಿಗಿಂತ ಕೆಳಗಿಳಿದರೂ ಕಾಯಿ ಕಚ್ಚುವುದು ಕಷ್ಟ. ಸುಡುಬಿಸಿಲಿನ ದಿನಗಳಲ್ಲಿ ಮಧ್ಯಾಹ್ನ ತೆಳು ನೆರಳು ಕೊಡಿ. ಉಳಿದ ಕಾಲದಲ್ಲಿ ದಿನಕ್ಕೆ ಕನಿಷ್ಠ 6 ಗಂಟೆ ಬಿಸಿಲು ಬೇಕೇ ಬೇಕು. ನೀರು ಒಂದು ದಿನ ಸುರಿದು ಮೂರು ದಿನ ಮರೆಯಬೇಡಿ, ಕುಂಡದ ಗಿಡ ತಡೆಯುವುದಿಲ್ಲ.

ಇನ್ನು ಗೊಬ್ಬರ. ಎಲೆ ಅಗಲವಾಗಿ ಕಡುಹಸಿರಾಗಿದ್ದರೆ ಸಾರಜನಕ ಜಾಸ್ತಿಯಾಗಿದೆ ಎಂದರ್ಥ. ಯೂರಿಯಾ, ಸಗಣಿ ನೀರು ಎರಡನ್ನೂ ಕೆಲವು ವಾರ ನಿಲ್ಲಿಸಿ.

ಕಾಯಿ ಕಚ್ಚಿದ್ದು ಗೊತ್ತಾಗುವುದು ಸುಲಭ. ಎಸಳು ಬಾಡಿ ಮುದುಡಿದರೂ ತೊಟ್ಟು ಗಟ್ಟಿಯಾಗಿಯೇ ಉಳಿಯುತ್ತದೆ, ದಪ್ಪವಾಗುತ್ತದೆ. ಆಮೇಲೆ ಹಸಿರು ಟೊಪ್ಪಿಗೆಯ ಸೀಳಿನಿಂದ ಮಣಿಯಂಥ ಮಿಡಿ ಮಿನುಗುತ್ತದೆ. ಅದು ಬೆಳೆದು, ಮೈ ಇನ್ನೂ ಹೊಳೆಯುತ್ತಿರುವಾಗಲೇ ತೊಟ್ಟಿನ ಸಮೇತ ಕತ್ತರಿಯಿಂದ ಕೊಯ್ಯಿರಿ. ಹೊಳಪು ಹೋಗಿ ಬೀಜ ಬಲಿಯುವ ತನಕ ಬಿಟ್ಟರೆ ಗಿಡ ಹೊಸ ಹೂ ಬಿಡುವುದನ್ನೇ ಕಡಿಮೆ ಮಾಡುತ್ತದೆ.