‘ಹಾರ್ಟ್ ಫೇಲ್’ ಆದವರು ಊಟಕ್ಕೆ ಕೂತಿದ್ದಾರೆ

ಕುಮಟಾ ಪೇಟೆಯಲ್ಲಿ ಮತ್ತೊಂದು ಶ್ರದ್ಧಾಂಜಲಿ ಫ್ಲೆಕ್ಸು. ‘ಹೃದಯ ವೈಫಲ್ಯದಿಂದ ಕ್ಷಣಮಾತ್ರದಲ್ಲಿ ನಮ್ಮನ್ನಗಲಿದ’ ಎಂದು ಶುರು. ಕ್ಷಣಮಾತ್ರದಲ್ಲಿ ಒಯ್ಯುವುದು ಹೆಚ್ಚಾಗಿ ಹೃದಯಾಘಾತ, ಇಲ್ಲವೇ ಹೃದಯಸ್ತಂಭನ. ನಾಳ ಕಟ್ಟಿದರೆ ಆಘಾತ, ಬಡಿತವೇ ನಿಂತರೆ ಸ್ತಂಭನ. ವೈಫಲ್ಯವಾದವರು ವರ್ಷಗಟ್ಟಲೆ ನಮ್ಮ ಜೊತೆ ಪಂಕ್ತಿಯಲ್ಲಿ ಕೂತು ಉಣ್ಣುತ್ತಾರೆ.

ತಪ್ಪು ಫ್ಲೆಕ್ಸ್ ಬರೆದವರದ್ದಷ್ಟೇ ಅಲ್ಲ. ‘ಫೇಲ್’ ನಮ್ಮ ಬಾಯಿಗೆ ಬಂದದ್ದು ಎಸ್ಸೆಸ್ಸೆಲ್ಸಿ ರಿಸಲ್ಟಿನ ಜೊತೆ, ಬಸ್ಸಿನ ಬ್ರೇಕಿನ ಜೊತೆ. ಎರಡೂ ಒಂದೇ ಏಟಿಗೆ ಮುಗಿಯುವಂಥವು. ಇಂಗ್ಲಿಷಿನ ಫೇಲ್‌ಗೆ ಮೂಲ ಲ್ಯಾಟಿನ್ನಿನ ‘ಫಾಲೆರೆ’, ಮೋಸಮಾಡು ಎಂದರ್ಥ. ಇಂಗ್ಲಿಷಿನಲ್ಲಿ ಮುದುಕರ ಕಣ್ಣೂ ಫೇಲ್ ಆಗುತ್ತದೆ, ಸಂಜೆಯ ಬೆಳಕೂ ಆಗುತ್ತದೆ. ಸ್ವಲ್ಪ ಸ್ವಲ್ಪವೇ ಕುಂದುತ್ತದೆ, ಅಷ್ಟೆ. ವೈದ್ಯರ ಬರಹದಲ್ಲಿರುವುದು ಈ ಅರ್ಥ. ಕನ್ನಡ ಮಾಡಿದವರು ‘ವಿಫಲ’ವನ್ನು, ಫಲವೇ ಇಲ್ಲದ್ದನ್ನು, ಹಿಡಿದುಕೊಂಡರು. ‘ಕೈಕಾಲು ಸೋತಿದೆ’ ಎನ್ನುವ ಮಾತು ಮನೆಮನೆಯಲ್ಲಿ ಇರುವಾಗ ‘ಸೋತ ಹೃದಯ’ ಎನ್ನಲು ಏನು ಅಡ್ಡಿಯಿತ್ತೋ!

ಪದದ ಹಟ ಅನ್ನಬೇಡಿ. ನಮ್ಮ ದೊಡ್ಡಪ್ಪ ಡಿಸ್ಚಾರ್ಜ್ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಕನ್ನಡಕದ ಡಬ್ಬಿಯೊಳಗೆ ಇಟ್ಟುಕೊಂಡು ಬಂದಿದ್ದರು. ಬಿಡಿಸಿ ತೋರಿಸಿ, “ಫೇಲಾದ ಮೇಲೆ ಮಾತ್ರೆ ಎಂತಕ್ಕೋ ತಮಾ?” ಅಂದರು. ಹೃದಯದ ಸ್ಕ್ಯಾನಾದ ಎಕೋದಲ್ಲಿ ಇ.ಎಫ್. (ಎಜೆಕ್ಷನ್ ಫ್ರ್ಯಾಕ್ಷನ್) 35 ಅಂತಿತ್ತು. ಪಕ್ಕದಲ್ಲಿದ್ದ ಮೊಮ್ಮಗ “ಅಜ್ಜ ಜಸ್ಟ್ ಪಾಸ್” ಅಂದ. ಇದು ನೂರಕ್ಕೆ ಬಂದ ಅಂಕ ಅಲ್ಲ ಮಾರಾಯರೆ. ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಲೆಕ್ಕ. ಗಟ್ಟಿ ಹೃದಯದವರದ್ದೂ 55ರಿಂದ 70ರ ಆಸುಪಾಸೇ. ತೋಟದ ಪಂಪು ಓಡುತ್ತಲೇ ಇದೆ, ನೀರು ಮಾತ್ರ ಮೇಲಿನ ತೋಟಕ್ಕೆ ಏರುತ್ತಿಲ್ಲ ಅಂದೆ. ಅದು ಅವರಿಗೆ ತಿಳಿಯಿತು.

ಹಿಂದೆ ಸೋತ ಹೃದಯಕ್ಕೆ ಚಾಟಿ ಬೀಸುವುದೇ ಮದ್ದು. ವಿಲಿಯಂ ವಿದರಿಂಗ್ ಎಂಬ ಇಂಗ್ಲಿಷ್ ವೈದ್ಯ 1785ರಲ್ಲಿ ಫಾಕ್ಸ್‌ಗ್ಲವ್ ಗಿಡದ ಗುಣವನ್ನು ಬರೆದಿಟ್ಟ. ಇಂದಿನ ಹೃದಯದ ಮದ್ದು ಡಿಗಾಕ್ಸಿನ್ ಆ ವಂಶದ್ದು. ನಮ್ಮ ಅಂಗಳದ ಕಣಗಿಲೆಯಲ್ಲಿರುವುದೂ ಅದೇ ಜಾತಿಯ ವಿಷ, ಕಷಾಯ ಮಾಡಲು ಹೋಗಬೇಡಿ. ಈಗಿನ ಮದ್ದುಗಳ ದಾರಿ ಬೇರೆ: ಹೊರೆ ಇಳಿಸುವುದು. ಬಡಿತವನ್ನು ತಗ್ಗಿಸುವ ಬೀಟಾ ಬ್ಲಾಕರ್ ಒಂದು ಕಾಲಕ್ಕೆ ಈ ರೋಗಿಗಳಿಗೆ ನಿಷಿದ್ಧವಾಗಿತ್ತು. ಇವತ್ತು ಚಿಕ್ಕ ಡೋಸಿನಿಂದ ಶುರುಮಾಡಿ ಏರಿಸುತ್ತ ಹೋಗುತ್ತಾರೆ. ಶುಗರಿನ ಮದ್ದೆಂದೇ ಹೆಸರಾದ ಡಾಪಾಗ್ಲಿಫ್ಲೋಜಿನ್ ಕಂಡು “ನನಗೆ ಶುಗರ್ ಇಲ್ಲವಲ್ಲ” ಎಂದು ತೆಗೆದಿಡುವವರಿದ್ದಾರೆ. ಅದು ಶುಗರ್ ಇಲ್ಲದ ಸೋತ ಹೃದಯಕ್ಕೂ ಕೊಡುವ ಮದ್ದೇ. ಸ್ಪೈರನೊಲ್ಯಾಕ್ಟೋನ್ ಎಂಬ ಇನ್ನೊಂದು ಮದ್ದು ನುಂಗುವವರು ದಿನಕ್ಕೆರಡು ಎಳನೀರು ಕುಡಿಯುವ ಮೊದಲು ಡಾಕ್ಟರನ್ನು ಕೇಳಬೇಕು, ಎರಡೂ ಪೊಟ್ಯಾಸಿಯಂ ಏರಿಸುತ್ತವೆ. ಅಪ್ಪೆಮಿಡಿ, ಒಣಮೀನಿನ ಉಪ್ಪಿನ ಸಂಗತಿ ಹೇಳಿದರೆ ಘಟ್ಟದ ಮೇಲಿನವರೂ ಕೆಳಗಿನವರೂ ಒಟ್ಟಿಗೇ ಸಿಟ್ಟಾಗುತ್ತಾರೆ.

ಬಡಿತ ಲಯ ತಪ್ಪುವುದು ಇನ್ನೊಂದು ಸಂಗತಿ. ಮದ್ದಲೆಯವನ ಕೈ ತಾಳ ಬಿಟ್ಟು ಓಡಿದ ಹಾಗೆ. ‘ಲಯ’ಕ್ಕೆ ನಮ್ಮಲ್ಲಿ ಎರಡು ಅರ್ಥ, ತಾಳದ ನಡೆ ಒಂದು, ನಾಶ ಇನ್ನೊಂದು. ಹೃದಯಾಘಾತವಾದವರ ಹೆಚ್ಚುವರಿ ಬಡಿತಗಳನ್ನು ಅಡಗಿಸಲು ಎನ್ಕೈನೈಡ್, ಫ್ಲೆಕೈನೈಡ್ ಎಂಬ ಲಯದ ಮದ್ದು ಕೊಟ್ಟು ನೋಡಿದ ಪ್ರಯೋಗದ ಫಲಿತಾಂಶ 1989ರಲ್ಲಿ ಬಂತು: ಬಡಿತವೇನೋ ಅಡಗಿತ್ತು, ಆದರೆ ಮಾತ್ರೆ ನುಂಗಿದವರೇ ಹೆಚ್ಚು ಸತ್ತಿದ್ದರು. ಲಯದ ಮದ್ದುಗಳನ್ನು ವೈದ್ಯರು ಅಳೆದು ಸುರಿದು ಕೊಡುವುದು ಅದಕ್ಕೇ. ಲಯ ತಪ್ಪಿದ ಕೆಲವರಿಗೆ ಕೊಡುವ ‘ರಕ್ತ ತೆಳ್ಳಗೆ ಮಾಡುವ ಮಾತ್ರೆ’ ಎಂಬುದಂತೂ ಶುದ್ಧ ತಪ್ಪು ಹೆಸರು. ಅದು ರಕ್ತವನ್ನು ನೀರು ಮಾಡುವುದಿಲ್ಲ, ಹೆಪ್ಪುಗಟ್ಟದಂತೆ ತಡೆಯುತ್ತದೆ.

ದೊಡ್ಡಪ್ಪನದು ಈಗ ಬೇರೆ ತಕರಾರು. ಶಿರಸಿಗೆ ಹೋಗುವ ದಿನ ಮೈಯ ನೀರನ್ನು ಮೂತ್ರದಲ್ಲಿ ಇಳಿಸುವ ‘ನೀರಿನ ಮಾತ್ರೆ’ ಲಾಸಿಕ್ಸ್ ಬಿಟ್ಟೇಬಿಡುತ್ತಿದ್ದರು; ದೇವಿಮನೆ ಘಟ್ಟದ ನಡುವೆ ಬಸ್ಸು ನಿಲ್ಲಿಸಿ ಅನ್ನಲಿಕ್ಕಾಗುತ್ತದೆಯೇ? ಮರುದಿನ ಕಾಲು ಬಾತು ಚಪ್ಪಲಿ ಹಿಡಿಸುತ್ತಿರಲಿಲ್ಲ. ಅದರ ಹೆಸರೇ ‘ಲಾಸ್ಟ್ಸ್ ಸಿಕ್ಸ್’, ಆರು ತಾಸು ನಡೆಯುತ್ತದೆ ಎನ್ನುವುದರಿಂದ ಬಂದದ್ದು ಎಂದು ಹೇಳಿ, ಡಾಕ್ಟರಿಗೆ ಫೋನು ಹಚ್ಚಿಕೊಟ್ಟೆ. ಅವರು ಒಪ್ಪಿದ ಮೇಲೆ, ಬಸ್ಸಿಳಿದು ಮಗಳ ಮನೆ ಮುಟ್ಟಿದ ನಂತರ ನುಂಗುತ್ತಾರೆ.