ಅಸೆಂಬ್ಲಿಯ ಪ್ರತಿಜ್ಞೆ ಮತ್ತು ಬಾಯಿ ತೆರೆಯದ ಮಗು

ನಮ್ಮ ಶಾಲೆಯ ನಾಲ್ಕನೇ ತರಗತಿಯ ಹುಡುಗನೊಬ್ಬ ಅಸೆಂಬ್ಲಿಯಲ್ಲಿ ದೇಶದ ಪ್ರತಿಜ್ಞೆ ಹೇಳುವಾಗ ದಿನವೂ ‘ವೈದ್ಯಪೂರ್ಣ ಪರಂಪರೆ’ ಎನ್ನುತ್ತಿದ್ದ. ಬಲಗೈ ಮುಂದಕ್ಕೆ ಚಾಚಿ, ಕಣ್ಣು ಮುಚ್ಚಿ, ಎಲ್ಲರಿಗಿಂತ ಗಟ್ಟಿಯಾಗಿ. ಒಂದು ದಿನ ಅವನ ಸಾಲಿನ ಪಕ್ಕದಲ್ಲೇ ನಿಂತಿದ್ದರಿಂದ ಅದು ನನ್ನ ಕಿವಿಗೆ ಬಿತ್ತು. ತರಗತಿಗೆ ಬಂದ ಮೇಲೆ ಹಾಗೆಂದರೆ ಏನೆಂದು ಕೇಳಿದೆ. “ನಮ್ಮ ದೇಶದಲ್ಲಿ ತುಂಬಾ ಡಾಕ್ಟರುಗಳಿದ್ದಾರೆ ಮಾಷ್ಟ್ರೇ” ಎಂದ. ಯಾರೂ ನಗಲಿಲ್ಲ. ಉಳಿದವರಿಗೂ ಅರ್ಥ ಗೊತ್ತಿರಲಿಲ್ಲ.

ಮಕ್ಕಳಿಂದ ದೇಶನಿಷ್ಠೆಯ ಪ್ರತಿಜ್ಞೆ ಹೇಳಿಸಬೇಕೇ ಎಂದು ಹೆತ್ತವರು ಆಗಾಗ ಕೇಳುತ್ತಾರೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಇಷ್ಟು ವರ್ಷ ಪಾಠ ಮಾಡಿದ ನನ್ನ ಉತ್ತರ, ಹೇಳಿಸಬೇಕು ಎಂದೇ. ಆದರೆ ಅರ್ಥ ಬಿಡಿಸಿ ಹೇಳಿಸಬೇಕು. ಹೇಳದ ಮಗುವನ್ನು ದಂಡಿಸಬಾರದು.

ಹೇಳಿಸಬೇಕು ಎನ್ನಲು ಕಾರಣವಿದೆ. ಆ ಪ್ರತಿಜ್ಞೆಯನ್ನು 1962ರಲ್ಲಿ ತೆಲುಗಿನಲ್ಲಿ ಬರೆದವರು ಪೈಡಿಮರ್ರಿ ವೆಂಕಟ ಸುಬ್ಬರಾವ್, ಆಗ ವಿಶಾಖಪಟ್ಟಣದಲ್ಲಿ ಖಜಾನೆ ಅಧಿಕಾರಿ. 1965ರ ಜನವರಿ 26ರಿಂದ ಅದು ದೇಶದ ಶಾಲೆಗಳಿಗೆ ಬಂತು. ಅದರಲ್ಲಿ ದೇವರ ಹೆಸರಿಲ್ಲ, ನಾಯಕನ ಹೆಸರಿಲ್ಲ, ಶತ್ರುವಿನ ಮಾತಿಲ್ಲ. ಮಗು ನಿಷ್ಠೆಯ ಮಾತು ಕೊಡುವುದು ದೇಶಕ್ಕೆ ಮತ್ತು ಅದರ ಜೊತೆಯಲ್ಲೇ ಜನರಿಗೆ. ಎಲ್ಲರೊಡನೆಯೂ ಸೌಜನ್ಯದಿಂದ ನಡೆದುಕೊಳ್ಳುತ್ತೇನೆ ಎಂಬ ಮಾತೂ ಇದೆ. 1956ರಲ್ಲಿ ಕೇರಳಕ್ಕೆ ಸೇರಿದ ಈ ನೆಲದಲ್ಲಿ ನಮ್ಮ ಮಕ್ಕಳು ಅದನ್ನು ಕನ್ನಡದಲ್ಲೇ ಹೇಳುತ್ತಾರೆ. ರಾಜ್ಯದ ಭಾಷೆ ಬೇರೆ, ಕಲಿಯುವ ಭಾಷೆ ಬೇರೆ. ಆದರೂ ದೇಶ ನನ್ನದು ಎಂದು ಕಲಿತ ಭಾಷೆಯಲ್ಲೇ ಹೇಳಬಹುದು. ಗಡಿಯಲ್ಲಿ ಬೆಳೆಯುವ ಮಗುವಿಗೆ ಇದು ದೊಡ್ಡ ಧೈರ್ಯ.

ಇನ್ನು ಹೇಳದ ಮಗುವಿನ ವಿಷಯ. 1985ರಲ್ಲಿ ಕೇರಳದ ಶಾಲೆಯೊಂದರಿಂದ ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಥಕ್ಕೆ ಸೇರಿದ ಮೂವರು ಮಕ್ಕಳನ್ನು ಹೊರಹಾಕಲಾಯಿತು. ರಾಷ್ಟ್ರಗೀತೆಗೆ ಅವರು ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ, ಅಷ್ಟೇ ತಪ್ಪು. ಪ್ರಕರಣ ಸುಪ್ರೀಂ ಕೋರ್ಟಿಗೆ ಹೋಯಿತು. ಹಾಡಲೇಬೇಕೆಂದು ಕಟ್ಟುಮಾಡುವ ಕಾನೂನು ಯಾವುದೂ ಇಲ್ಲ, ಗೌರವದಿಂದ ಎದ್ದು ನಿಂತವರು ಅಗೌರವ ತೋರಿದಂತಾಗುವುದಿಲ್ಲ, ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಿ ಎಂದು 1986ರ ಆಗಸ್ಟ್ 11ರಂದು ತೀರ್ಪು ಬಂತು. ಬರೆದವರು ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿ. ಸಂವಿಧಾನದ 51ಎ ವಿಧಿ ನಾಗರಿಕರ ಕರ್ತವ್ಯಗಳಲ್ಲಿ ರಾಷ್ಟ್ರಧ್ವಜ ಮತ್ತು ರಾಷ್ಟ್ರಗೀತೆಯನ್ನು ಗೌರವಿಸಬೇಕು ಎನ್ನುತ್ತದೆ. ಪ್ರತಿಜ್ಞೆಯ ಹೆಸರು ಅಲ್ಲಿಲ್ಲ. ಅಲ್ಲಿ ಹೆಸರಿರುವ ರಾಷ್ಟ್ರಗೀತೆಗೇ ಬಲವಂತ ಸಲ್ಲದು ಎಂದಾದರೆ, ಪ್ರತಿಜ್ಞೆ ಹೇಳಲಿಲ್ಲವೆಂದು ಮಗುವಿಗೆ ಬೆತ್ತ ತೋರಿಸುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನೂ ಆ ತಪ್ಪು ಮಾಡಿದ್ದೇನೆ. ತುಟಿ ಅಲ್ಲಾಡಿಸದ ಒಂದನೇ ತರಗತಿಯ ಹುಡುಗನನ್ನು ಜಗಲಿಯಲ್ಲಿ ನಿಲ್ಲಿಸಿದೆ. ಅವನ ಮನೆಮಾತು ಮರಾಟಿ. ತಪ್ಪು ಹೇಳಿದರೆ ಎಲ್ಲರೂ ನಗುತ್ತಾರೆಂಬ ಹೆದರಿಕೆಯಿಂದ ಸುಮ್ಮನಿದ್ದ ಎಂದು ಸಂಜೆ ಕರೆದುಕೊಂಡು ಹೋಗಲು ಬಂದ ಅವನ ಅಜ್ಜಿ ಹೇಳಿದರು. ಆ ಮಗು ಆಮೇಲೆ ಒಂದು ವಾರ ಶಾಲೆಗೆ ಬರಲಿಲ್ಲ. ಇಂದಿಗೂ ಆ ಜಗಲಿ ನನ್ನ ಕಣ್ಣ ಮುಂದಿದೆ.

ಆದ್ದರಿಂದ ಈಗ ವಾರಕ್ಕೊಂದು ವಾಕ್ಯ ಬಿಡಿಸುತ್ತೇನೆ. ಹತ್ತು ನಿಮಿಷ ಸಾಕು. ‘ವೈದ್ಯಪೂರ್ಣ’ದ ದಿನ, ಮನೆಯಲ್ಲಿ ಅಮ್ಮನನ್ನು ಏನೆಂದು ಕರೆಯುತ್ತೀರಿ ಎಂದು ಒಬ್ಬೊಬ್ಬರನ್ನೇ ಕೇಳಿ ಕರಿಹಲಗೆಯಲ್ಲಿ ಬರೆಯುತ್ತಾ ಹೋದೆ. ತುಳುವಿನ ‘ಅಪ್ಪೆ’, ಬ್ಯಾರಿ ಮನೆಯ ‘ಉಮ್ಮ’, ಹವ್ಯಕರ ‘ಅಬ್ಬೆ’, ಮತ್ತೆ ಕೆಲವು ‘ಅಮ್ಮ’. ಅದರ ಕೆಳಗೆ ‘ವೈವಿಧ್ಯ’ ಎಂದು ದೊಡ್ಡದಾಗಿ ಬರೆದೆ. ಹುಡುಗ ಬಹಳ ಹೊತ್ತು ಹಲಗೆಯನ್ನೇ ನೋಡಿದ. “ಹಾಗಾದರೆ ಅದು ನಮ್ಮ ಕ್ಲಾಸಿನಲ್ಲೇ ಇದೆ” ಎಂದ.

ಮರುದಿನ ಅಸೆಂಬ್ಲಿಯಲ್ಲಿ ಆ ಪದ ಬಂದಾಗ ಅವನು ತಡೆದ. ಉಳಿದವರೆಲ್ಲ ಮುಂದಿನ ವಾಕ್ಯಕ್ಕೆ ಹೋಗಿದ್ದರು. ಅವನೊಬ್ಬನೇ ಚಾಚಿದ ಕೈ ಇಳಿಸದೆ ‘ವೈ-ವಿಧ್ಯ-ಪೂರ್ಣ’ ಎಂದು ಬಿಡಿಬಿಡಿಯಾಗಿ ಹೇಳಿ ಮುಗಿಸಿ, ಅವರನ್ನು ಕೂಡಿಕೊಂಡ.